ನಾಲ್ಕನೇ ನಂಬರಿನ ಮೊಗ್ಗು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ದಿವ್ಯಳ ಪಕ್ಕ ಹೂ ಮಾರುವ ಅತ್ತೆ ಸೊಸೆ ಇಬ್ಬರು ಮಲ್ಲಿಗೆ ಮೊಗ್ಗಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

"ಮದುವೆಮನೆಯ ಮೊದಲನೇ ಆರ್ಡರು ಕಣಮ್ಮ ಪ್ರಮೋದಾ. ಈಗ್ಲೇ ಅರಳಿಬಿಟ್ಟಿದ್ರೆ ಮುಖ ಹೆಂಗೆ ತೋರ್ಸೋದು?"

"ಹೋದ್ವಾರ ಅರಳಿದ್ದು ನಿಮ್ಮಿಂದ್ಲೇ ಅತ್ತೆ. ಫ್ರಿಜ್ಜನ್ನ ಒಂದನೇ ನಂಬರಿಗೆ ತಿರುಗಿಸಿಟ್ಟಿದ್ರಿ."

"ಒಂದು ಅಂದ್ರೆ ಫಸ್ಟ್ ಕ್ಲಾಸು ಅಲ್ವೇನೇ?"

"ಅದೇನು ಪರೀಕ್ಷೆನಾ? ನಂಬರ್ ಜಾಸ್ತಿ ಆದಂಗೆ ತಣ್ಣಗಾಗ್ತದೆ."

"ಹಂಗಾದ್ರೆ ಏಳಕ್ಕಿಟ್ಯಾ?"

"ಏಳಕ್ಕಿಟ್ರೆ ಮಂಜುಗಟ್ಟಿ ಕಪ್ಪಾಗ್ತಾವೆ. ನಾಲ್ಕಕ್ಕಿಟ್ಟು ಒದ್ದೆ ಬಟ್ಟೆ ಸುತ್ತಿದೀನಿ. ಬಾಗಿಲು ತೆಗೀಬೇಡಿ ಅಂದಿದ್ನಲ್ಲ, ಎಷ್ಟು ಸಲ ತೆಗೆದ್ರಿ?"

"ಎರಡೇ ಸಲ ಕಣೇ. ಮಲಗಿದ್ದಾವೋ ಎದ್ದಿದ್ದಾವೋ ಅಂತ ನೋಡಕ್ಕೆ."

ಮದುವೆಮನೆಯಿದ್ದ ಆವತಿಯ ಬಸ್ ಬಂತು. ಅತ್ತೆ ಅಂಜುತ್ತಲೇ ಬಟ್ಟೆಯ ತುದಿ ಎತ್ತಿದರು. ದಿವ್ಯಳೂ ಉಸಿರು ಬಿಗಿಹಿಡಿದು ಬಗ್ಗಿದಳು. ಒಂದು ಮೊಗ್ಗೂ ಕಣ್ಣು ಬಿಟ್ಟಿರಲಿಲ್ಲ.

"ಧಾರೆ ಹೊತ್ತಿಗೆ ಅರಳ್ತಾವೆ. ಬುಟ್ಟೀನ ನೀನೇ ಹಿಡ್ಕೊಳಮ್ಮ," ಎಂದು ಅತ್ತೆ ಸೊಸೆಯನ್ನೇ ಮುಂದೆ ಹತ್ತಿಸಿದರು.