ಹಿಂದಕ್ಕೆ ಮುಖ ಮಾಡಿ ಕೂತವರು

ಈ ಸಂಗ್ರಹಾಲಯದ ಮಾನ್ಯ ಅಧ್ಯಕ್ಷರಾದ ಬ್ರಾಕನ್‌ಬರಿಯವರೇ, ವಾಯುಪಡೆಯಿಂದ ಬಂದಿರುವ ಅತಿಥಿಗಳೇ, ಈ ಗಟ್ಟಿ ಕುರ್ಚಿಗಳ ಮೇಲೆ ಆಗಲೇ ಬಹಳ ಹೊತ್ತು ಕೂತಿರುವ ಸಭಿಕರೇ,

ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಚರಿತ್ರೆಯನ್ನು ಚಿಕ್ಕದಾಗಿ ಹೇಳಿ ಎಂದಿದ್ದಾರೆ. ಶಾಲೆಯಲ್ಲಿ ಚರಿತ್ರೆ ಕಲಿಸಿದವಳು ನಾನು. ಈಗ ನಿಂತು ಮಾತಾಡುವುದೇ ದಣಿವು. ಚಿಕ್ಕದಾಗಿಯೇ ಹೇಳುತ್ತೇನೆ.

ಮೊದಲು ಮ್ಯಾಂಚೆಸ್ಟರ್ ಎಂಬ ವಿಮಾನವಿತ್ತು. ಅದರ ಎರಡು ಎಂಜಿನ್‌ಗಳು ನಡುದಾರಿಯಲ್ಲಿ ಕೈಕೊಡುತ್ತಿದ್ದವು. ಅವನ್ನು ತೆಗೆದು ಬೇರೆ ನಾಲ್ಕು ಎಂಜಿನ್ ಕೂರಿಸಿದರು, ಲ್ಯಾಂಕಾಸ್ಟರ್ ಹುಟ್ಟಿತು. ಏಳು ಸಾವಿರಕ್ಕೂ ಹೆಚ್ಚು ಕಟ್ಟಿದರು. ಅವುಗಳಲ್ಲಿ ಸುಮಾರು ಅರ್ಧ ನಾಶವಾದವು. ಇದೆಲ್ಲ ಬಾಗಿಲ ಬಳಿಯ ಫಲಕದಲ್ಲಿದೆ.

ಫಲಕದಲ್ಲಿ ಏನಿಲ್ಲ? ಬಾಲದ ತುದಿಯ ಗಾಜಿನ ಗೂಡಿನಲ್ಲಿ ಬಂದೂಕು ಹಿಡಿದು ಕೂತವನು ಹೋಗುವಾಗಲೂ ಬರುವಾಗಲೂ ಹಿಂದಕ್ಕೇ ನೋಡುತ್ತಿದ್ದ ಎಂಬುದಿಲ್ಲ. ಬಾಂಬು ಹಾಕಿ ತಿರುಗಿದ ಮೇಲೆ ಪೈಲಟ್ ಮನೆಯ ದಿಕ್ಕು ನೋಡುತ್ತಾನೆ. ಬಾಲದವನು ಏನು ನೋಡಬೇಕು?

ನಮ್ಮ ಯಜಮಾನರು ಹೆಡ್ಲಿ ಅಲ್ಲಿ ಕೂತವರು. ನಾನು ಆಗ ಇದೇ ವಿಮಾನನೆಲೆಯ ಅಡುಗೆಮನೆಯಲ್ಲಿದ್ದೆ. ಊರಿಗೆಲ್ಲ ರೇಷನ್ನಿನ ಪುಡಿಮೊಟ್ಟೆ, ಹಾರುವವರಿಗೆ ಮಾತ್ರ ನಿಜವಾದ ಮೊಟ್ಟೆ. ರೇಡಿಯೋ ನೋಡಿಕೊಳ್ಳುವ ಹುಡುಗ ಹೇಳುತ್ತಿದ್ದ: "ಹೆಡ್ಲಿ, ನೀನು ಬರ್ದೆ ಹೋದ್ರೆ ನಾಳೆ ನಿನ್ ಮೊಟ್ಟೆ ನಂಗೆ." ಇವರು ತಟ್ಟೆ ಮುಂದಕ್ಕೆ ತಳ್ಳುತ್ತಿದ್ದರು: "ಈಗ್ಲೇ ತಿನ್ನೋ. ಬಂದ್ರೆ ನಿಂದೂ ಸೇರಿಸಿ ವಸೂಲಿ ಮಾಡ್ತೀನಿ."

ಜರ್ಮನಿಯ ಹ್ಯಾಂಬರ್ಗಿನ ಮೇಲೆ ಬಾಂಬು ಹಾಕಿ ಬಂದ ಬೆಳಿಗ್ಗೆ ಇವರು ಮೊಟ್ಟೆ ಮುಟ್ಟಲಿಲ್ಲ. ನನಗೆ ಹೇಳಿದರು: "ಎನಿಡ್, ಸಮುದ್ರದ ಮೇಲೆ ಬಂದ್ರೂ ಬೆಂಕಿ ಕಾಣ್ತಾನೇ ಇತ್ತು ಕಣೇ. ಕಣ್ಮುಚ್ಚೋ ಹಾಗಿಲ್ಲ. ನೋಡೋದೇ ನನ್ ಕೆಲ್ಸ."

ಆಮೇಲೂ ಹಲವು ಸಲ ಹೋದರು. ಒಂದು ಸಂಜೆ ವಿಮಾನದ ಏಣಿಯ ಬುಡದಲ್ಲಿ ನಿಂತರು, ಹತ್ತಲಿಲ್ಲ.

"ಹೆದರ್ಕೊಂಡ್ಯಾ?" ಎಂದರು ಅಧಿಕಾರಿ.

"ಹೆದರಿಕೆ ಮೊದ್ಲಿಂದ್ಲೂ ಇತ್ತು ಸಾರ್. ಆಗ ಯಾರೂ ಕೇಳ್ಲಿಲ್ಲ."

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಲ್ಲರೆದುರು ಅವರ ಸಮವಸ್ತ್ರದ ಕೋಟಿನ ಎದೆಯ ಮೇಲಿದ್ದ, ಹಾರುವವರಿಗೆ ಕೊಡುವ ರೆಕ್ಕೆಯ ಬ್ಯಾಡ್ಜನ್ನು ಬ್ಲೇಡಿನಿಂದ ಕೊಯ್ದು ತೆಗೆದರು. ಧೈರ್ಯ ಸಾಲದವನು ಎಂದು ದಾಖಲೆಯಲ್ಲಿ ಬರೆದರು. ಕಕ್ಕಸು ತೊಳೆಯಲು ಹಾಕಿದರು. ಆಮೇಲೆ ಜೀವನವಿಡೀ ರೈಲಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟು ಸಿಕ್ಕರೆ ಅವರು ನಿಂತೇ ಬರುತ್ತಿದ್ದರು. ನಮ್ಮಮ್ಮ, ಅಳಿಯನಿಗೆ ಮೂಲವ್ಯಾಧಿ ಇರಬೇಕು ಅಂದುಕೊಂಡಿದ್ದರು.

ಆ ಕೋಟಿನಲ್ಲಿ ಬ್ಯಾಡ್ಜಿದ್ದ ಜಾಗ ಮಾಸದೆ ಗಾಢವಾಗಿ ಉಳಿದಿತ್ತು, ಸುತ್ತ ಸೂಜಿಯ ತೂತುಗಳು. ರಫೂ ಮಾಡಲೇ ಎಂದು ಒಮ್ಮೆ ಕೇಳಿದೆ. "ಬೇಡ ಕಣೇ. ಹಾಗೇ ಇರ್ಲಿ. ಯಾರಾದ್ರೂ ಕೇಳ್ಲಿ" ಎಂದರು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಹಾಗೆಯೇ ಇಡಿ ಎಂದು ಹೇಳಿ ಕೋಟನ್ನು ಈ ಸಂಗ್ರಹಾಲಯಕ್ಕೆ ಕೊಟ್ಟೆ. ಇವತ್ತು ಬೆಳಿಗ್ಗೆ ಗಾಜಿನ ಪೆಟ್ಟಿಗೆಯಲ್ಲಿ ನೋಡಿದರೆ, ಎದೆಯ ಮೇಲೆ ಹೊಸ ಬ್ಯಾಡ್ಜು ಹೊಲಿದಿದ್ದಾರೆ.

ಬ್ರಾಕನ್‌ಬರಿಯವರು ಒಳ್ಳೆಯವರು. "ಬೋಳಾಗಿ ಕಾಣ್ತಿತ್ತು ಮೇಡಂ. ಬಂದವ್ರು ಏನಾಯ್ತು ಅಂತ ಕೇಳ್ತಾರಲ್ಲ" ಎಂದರು.

ಕೇಳಲಿ ಎಂದಲ್ಲವೇ ಸಂಗ್ರಹಾಲಯ ಕಟ್ಟಿದ್ದು? ಕಿತ್ತುಕೊಂಡವರು ವಾಪಸು ಕೊಟ್ಟರೇ? ತಪ್ಪಾಯಿತು ಎಂದರೇ? ಯಾರೂ ಏನೂ ಹೇಳದೆ, ಅಂಗಡಿಯಿಂದ ತಂದ ಬ್ಯಾಡ್ಜು ಹೊಲಿದರೆ ಮುಗಿಯಿತೇ? ಸಿಟ್ಟು ಮಾಡುವ ಶಕ್ತಿಯೂ ನನಗೀಗ ಇಲ್ಲ. ಆದರೆ ನೆನಪಿದೆ.

ಈಗ ಉದ್ಘಾಟನೆಗೆಂದು ನಾನು ಪರದೆ ಎಳೆಯಬೇಕಂತೆ. ಎಳೆಯುತ್ತೇನೆ. ಅದಕ್ಕೆ ಮೊದಲು ಆ ಪೆಟ್ಟಿಗೆಯ ಬೀಗದ ಕೈ ಕೊಡಿ. ನನ್ನ ಕೈಚೀಲದಲ್ಲಿ ಸಣ್ಣ ಕತ್ತರಿಯಿದೆ. ಹೊಲಿಗೆ ಬಿಚ್ಚಲು ಹೊತ್ತು ಹಿಡಿಯುತ್ತದೆ. ಹಳೆಯ ತೂತುಗಳು ಹರಿಯಬಾರದು. ನಿಮ್ಮ ಚಹಾ ಆರಿಹೋದರೆ ಕ್ಷಮಿಸಿ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಬೀಗದ ಕೈ ಇರುವವರಿಗೆ ಮುಂಗಡವಾಗಿ ವಂದನೆ. ನಮಸ್ಕಾರ.