ಹಗಲು ಹಚ್ಚಿದ ದೀಪ

ಋಣದ ಮಾತು ಬಂತಲ್ಲ, ಇಲ್ಲಿ ಒಂದು ಗಳಿಗೆ ನಿಲ್ಲೋಣ.

ಹೋದ ಸೋಮವಾರ ಪ್ರವಚನ ಮುಗಿದ ಮೇಲೆ ಒಬ್ಬ ಹುಡುಗಿ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದಳು. ನೀವೆಲ್ಲ ಹೊರಟದ್ದನ್ನು ನೋಡಿಕೊಂಡು ಹತ್ತಿರ ಬಂದು ಕೇಳಿದಳು: "ಅಕ್ಕಾರ, ಓದಾಕಂತ ಬ್ಯಾಂಕಿನ್ಯಾಗ ಸಾಲಾ ಮಾಡೇನ್ರಿ. ತೀರಸಾಕ ಆಗವಲ್ದು. ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿದ್ರ ಪಾಪ ಬರತೈತೇನ್ರಿ?"

ವಕೀಲರನ್ನೂ ಕೇಳಿದ್ದಳಂತೆ. ಅವರು ಅಂದರಂತೆ: "ಅರ್ಜಿ ಹಾಕವ್ವ, ಬ್ಯಾಡ ಅನ್ನೂದಿಲ್ಲ. ಆದ್ರ ಕಲತಾಕಿ ನೀನು. ಕೈಯಾಗ ವಿದ್ಯಾ ಇಟಕೊಂಡು ದಿವಾಳಿ ಹೆಂಗಾದಿ ಅಂತ ಕೋರ್ಟಿನ್ಯಾಗ ಕೇಳಿದ್ರ ಏನ್ ಹೇಳ್ತಿ?"

ಅದನ್ನು ಕೇಳಿ ನನಗೆ ಹೊಳೆದದ್ದು ಒಂದು ಕಥೆ. ಅಜ್ಜಿಯ ಬಾಯಿಂದ ಕೇಳಿದ್ದು.

ಒಂದೂರಲ್ಲಿ ಒಬ್ಬ ಸಾಹುಕಾರ. ಯಾವ ಊರು ಅಜ್ಜಿ ಅಂತ ಕೇಳಿದರೆ, "ಕಣ್ಣ ಮುಚ್ಚಿದ್ರ ಕಾಣತೈತಲ್ಲ, ಆ ಊರು" ಅನ್ನುತ್ತಿದ್ದಳು. ಸಾಹುಕಾರ ಕೆಟ್ಟವನಲ್ಲ, ನೋಡಿ. ಕೊಟ್ಟದ್ದನ್ನು ಕೇಳುವವನು, ಅಷ್ಟೇ. ಅದೇ ಊರಲ್ಲಿ ಒಬ್ಬ ವಿಧವೆಯ ಮಗಳಿದ್ದಳು, ಬಲು ಚುರುಕು. "ದೂರದ ಪಟ್ಟಣಕ್ಕೆ ಹೋಗಿ ಕಣ್ಣಿನ ವೈದ್ಯವಿದ್ಯೆ ಕಲಿತು ಬಾ, ಖರ್ಚು ನನ್ನದು, ಆಮೇಲೆ ಬಡ್ಡಿ ಸೇರಿಸಿ ತೀರಿಸು" ಅಂದ ಸಾಹುಕಾರ. ಅವನ ತಾಯಿಗೆ ಆಗಲೇ ಕಣ್ಣು ಮಂಜಾಗತೊಡಗಿತ್ತು.

ಹುಡುಗಿ ಹೋದಳು, ಕಲಿತಳು, ತಿರುಗಿ ಬಂದಳು. ಮೊದಲು ಸಾಹುಕಾರನ ತಾಯಿಯ ಕಣ್ಣಿನ ಪೊರೆ ತೆಗೆದಳು. ಮುದುಕಿ ಕಣ್ಣು ಬಿಟ್ಟವಳೇ, "ಅಯ್ಯ, ನನ್ನ ಸೊಸಿ ಇಷ್ಟ್ ಕಪ್ಪದಾಳೇನ?" ಅಂದಳಂತೆ. ಆಮೇಲೆ ಊರಿಗೆ ಊರೇ ಬಂತು. ದರ್ಜಿ ಬಂದ, ಸೂಜಿಗೆ ದಾರ ಪೋಣಿಸುವಂತಾದ. ಹೂವಾಡಗಿತ್ತಿ ಬಂದಳು, ಮೊಗ್ಗು ಯಾವುದು ಹುಳ ಯಾವುದು ಅಂತ ತಿಳಿಯುವಂತಾಯಿತು.

ಸರಿ, ಕೊಟ್ಟದ್ದೇನು?

"ನಮ್ಮ ಮನೀ ಮಗಳಿದ್ದಾಂಗ ಅದೀವ್ವ. ಮಗಳಿಗೆ ಯಾರರ ರೊಕ್ಕಾ ಕೊಡ್ತಾರೇನು?" ಅಂತ ಉಡಿ ತುಂಬಿದರು. ಕುಬುಸ ಹೊಲಿಸಿಕೊಳ್ಳಲು ಒಂದು ಕಣ, ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ. ಎಷ್ಟು ಚೆಂದ, ಅಲ್ಲವೇ? ಉಡಿ ತುಂಬಿಸಿಕೊಂಡು ಹೊರಟ ಹೆಣ್ಣುಮಗಳನ್ನು ನೋಡಿದವರು ಆಕೆಯ ಮನೆಯಲ್ಲಿ ಒಲೆ ಉರಿಯುತ್ತದೋ ಇಲ್ಲವೋ ಅಂತ ಕೇಳುತ್ತಾರೆಯೇ? ಬಡ್ಡಿಗೆ ಮಾತ್ರ ಉಡಿಯೂ ಗೊತ್ತಿಲ್ಲ, ಮಗಳೂ ಗೊತ್ತಿಲ್ಲ. ಅದು ಬೆಳೆಯಿತು.

ಕೊನೆಗೊಂದು ದಿನ ಆಕೆ ಹಗಲು ಹೊತ್ತಿನಲ್ಲಿ ದೀಪ ಹಚ್ಚಿದಳು.

ಆ ಊರಲ್ಲಿ ದಿವಾಳಿಯಾಗುವುದಕ್ಕೂ ಒಂದು ಪದ್ಧತಿ ಇತ್ತು. ಸಾಲ ತೀರಿಸಲಾರದವರು ಮಟಮಟ ಮಧ್ಯಾಹ್ನ ಬಾಗಿಲಲ್ಲಿ ದೀಪ ಹಚ್ಚಿ, ಮನೆಯ ವಸ್ತುವನ್ನೆಲ್ಲ ಬೀದಿಗೆ ತಂದಿಡಬೇಕು. ಬೇರೆಯವರ ಕೈಯಲ್ಲಿ ತಮ್ಮದೇನಾದರೂ ಇದ್ದರೆ ಅದೂ ಬೀದಿಗೇ ಬರಬೇಕು. ಸಾಲ ಕೊಟ್ಟವರು ಇದ್ದದ್ದನ್ನು ಎತ್ತಿಕೊಂಡು ಹೋಗಬೇಕು. ದೀಪ ಆರಿತೋ, ಉಳಿದ ಸಾಲವೂ ಆರಿತು. ಆದರೆ ಒಂದು ಚಮಚೆ ಒಳಗೆ ಉಳಿದರೂ ದೀಪ ಸುಳ್ಳು. ಸುಳ್ಳು ದೀಪ ಹಚ್ಚಿದವರು ಸಾಲ ಹರಿಯುವ ತನಕ ಸಾಹುಕಾರನ ಮನೆಯ ಕಸಮುಸುರೆ ಮಾಡಿಕೊಂಡಿರಬೇಕು.

ಹುಡುಗಿ ಎಲ್ಲ ತಂದಿಟ್ಟಳು. ಕೊಡ, ಚಾಪೆ, ಔಷಧದ ಪೆಟ್ಟಿಗೆ. ಆಮೇಲೆ ಕುಬುಸದ ಕಣಗಳ ರಾಶಿ. ರಾಶಿ ಕಂಡದ್ದೇ ತಡ, ಹೆಂಗಸರಲ್ಲಿ ಗುಸುಗುಸು.

"ಏ, ಆ ಹಸರ ಕಣಾ ನಾ ಕೊಟ್ಟಿದ್ದು!"

"ನೀ ಕೊಟ್ಟಿದ್ದಲ್ಲ ತಗಿ. ಅದನ್ನ ನಿನಗ ಕೊಟ್ಟಾಕಿ ನಾನು. ನನಗ ನಮ್ಮ ನೆಗೆಣ್ಣಿ ಕೊಟ್ಟಿದ್ಲು. ಹೊಲಿಸಿದ್ರ ಹರೀತೈತಿ ಅಂತ ದಾಟಿಸಿದ್ದೆ."

ನಗಬೇಡಿ. ನಿಮ್ಮ ಟ್ರಂಕಿನಲ್ಲೂ ಅಂಥ ನಾಲ್ಕು ಕಣ ಇವೆ, ನನಗೆ ಗೊತ್ತು.

ಊರ ಹಿರಿಯ ಕೋಲೂರಿಕೊಂಡು ಬಂದು ಕೇಳಿದ: "ಎಲ್ಲಾ ಬಂತೇನವ್ವ?"

"ಎಲ್ಲಾ ಬಂತ್ರೀ ಅಜ್ಜಾರ."

ಸಾಹುಕಾರ ನಿಧಾನವಾಗಿ ಹೇಳಿದ: "ಎಲ್ಲಾ ಬಂದಿಲ್ರಿ. ನನ್ನ ರೊಕ್ಕದಿಂದ ಆಕಿ ಕೊಡಾ ಕೊಂಡಿಲ್ಲ, ಚಾಪಿ ಕೊಂಡಿಲ್ಲ. ಕೊಂಡಿದ್ದು ವಿದ್ಯಾ. ಅದು ಒಳಗ ಉಳದೈತಿ. ದೀಪಾ ಸುಳ್ಳು."

ಜನ ತಲೆದೂಗಿದರು. ತಲೆದೂಗುವುದರಲ್ಲಿ ಜನ ಯಾವಾಗಲೂ ಮುಂದೆ. ಹಿರಿಯ ಹುಡುಗಿಯ ಮುಖ ನೋಡಿದ. ಆಕೆಯ ತಾಯಿ ಆಗಲೇ ಅಳತೊಡಗಿದ್ದಳು. ಹುಡುಗಿ ಅಳಲಿಲ್ಲ. ದೀಪದ ಕಡೆ ನೋಡಿದಳು. ಬಿಸಿಲಲ್ಲಿ ಕುಡಿ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

"ಅಜ್ಜಾರ, ಈ ದೀಪದ ಕುಡಿ ಯಾರ್ಯಾರಿಗೆ ಕಾಣತೈತಿ ಕೇಳ್ರಿ."

"ನನಗ ಕಾಣತೈತಿ" ಅಂದ ದರ್ಜಿ. "ನನಗೂ" ಅಂದಳು ಹೂವಾಡಗಿತ್ತಿ. "ನೀಲಿ ಐತಿ ಬುಡಕ" ಅಂದ ಮತ್ತೊಬ್ಬ. ಹಿಂದಿನಿಂದ ಸಾಹುಕಾರನ ತಾಯಿ, "ಕಾಣದ ಏನು? ಎಣ್ಣಿ ಮುಗೀಲಾಕ ಬಂದೈತಿ, ಅದೂ ಕಾಣತೈತಿ!" ಅಂದಳು.

ಹುಡುಗಿ ಹೇಳಿದಳು: "ನನ್ನ ವಿದ್ಯಾ ಒಳಗ ಎಲ್ಲೈತ್ರಿ? ಇವರ ಕಣ್ಣಾಗ ಐತಿ."

ಹಿರಿಯ ಗಡ್ಡ ನೀವಿಕೊಂಡ. ಬೇರೆಯವರ ಕೈಯಲ್ಲಿ ಇದ್ದದ್ದೂ ಬೀದಿಗೆ ಬರಬೇಕು, ಅಲ್ಲವೇ? ಪದ್ಧತಿ ಪದ್ಧತಿಯೇ. ಈಗ ಏನು ಮಾಡುತ್ತೀರಿ?

ಮೊದಲು ಎದ್ದವಳು ಯಾರು ಗೊತ್ತೇ? ಸಾಹುಕಾರನ ತಾಯಿ. ಸೊಸೆಯ ಕೈ ಬಿಡಿಸಿಕೊಂಡು ನಡೆದು ಬಂದಳು. ಆ ಕೊಡಕ್ಕೂ ಕಣಗಳ ರಾಶಿಗೂ ನಡುವೆ ಚಾಪೆ ಹಾಸಿ ಕೂತಳು. ಸೆರಗಿನಿಂದ ಎರಡೂ ಕಣ್ಣು ಬಿಗಿದು ಕಟ್ಟಿಕೊಂಡಳು.

"ಅವ್ವಾ! ಏನಿದು? ಏಳು, ಮನೀಗೆ ನಡಿ!" ಸಾಹುಕಾರನ ಮುಖ ಕೆಂಪಗಾಯಿತು.

"ಯಾಕಪಾ? ಆಕೀ ಸಾಮಾನು ಬೀದಿಗೆ ಬರಬೇಕಂದಿ. ಬಂದೇನಿ. ಬೇಕಾದ್ರ ಎತಗೊಂಡ್ ಹೋಗು. ಇಲ್ಲಂದ್ರ ಕ್ರಯಾ ಕೊಟ್ಟು ಬಿಡಿಸ್ಕೋ."

ದರ್ಜಿ ಬಂದು ಪಕ್ಕದಲ್ಲಿ ಕೂತ, ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಕಟ್ಟಿಕೊಂಡು. ಹೂವಾಡಗಿತ್ತಿ ಬಂದಳು. ಒಬ್ಬೊಬ್ಬರಾಗಿ ಬಂದರು. ಬೀದಿ ತುಂಬ ಕಣ್ಣು ಕಟ್ಟಿಕೊಂಡ ಜನ, ನಡುವೆ ಒಂದು ಸಣ್ಣ ದೀಪ. ಅಜ್ಜಿ ಇಷ್ಟು ಹೇಳುವಷ್ಟರಲ್ಲಿ ನಾನೂ ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಆ ಸಾಲಿನಲ್ಲಿ ಕೂತಿರುತ್ತಿದ್ದೆ.

ಸಾಹುಕಾರ ಆ ದಿನ ಸಾಲ ಮನ್ನಾ ಮಾಡಲಿಲ್ಲ, ತಿಳಿದುಕೊಳ್ಳಿ. ತಾಯಿಯ ಎರಡು ಕಣ್ಣಿನ ಕ್ರಯ ಎಷ್ಟಾಗುತ್ತದೆ ಅಂತ ಹಿರಿಯನನ್ನು ಕೇಳಿ, ಅಷ್ಟನ್ನು ಸಾಲದಲ್ಲಿ ವಜಾ ಮಾಡಿ, ತಾಯಿಯ ಕಣ್ಣಿನ ಕಟ್ಟು ಬಿಚ್ಚಿ ಕರೆದುಕೊಂಡು ಹೋದ. ಉಳಿದವರು ತಮ್ಮ ತಮ್ಮ ಕಣ್ಣಿನ ಕ್ರಯ ಕೊಟ್ಟು ಎದ್ದರು. ಸಂಜೆಗೆ ಸಾಲ ಹರಿಯಿತು. ಹುಡುಗಿ ಬಗ್ಗಿ ದೀಪ ಎತ್ತಿಕೊಂಡಳು. ಆರಿಸಲಿಲ್ಲ. ಹೊತ್ತು ಮುಳುಗಿತ್ತಲ್ಲ, ಮನೆಗೆ ಹೇಗೂ ದೀಪ ಬೇಕಿತ್ತು.

ಈಗ ನಮ್ಮ ಹುಡುಗಿಯ ಪ್ರಶ್ನೆ. ದಿವಾಳಿ ಅರ್ಜಿ ಹಾಕಿದರೆ ಪಾಪ ಬರುತ್ತದೆಯೇ? ಬರುತ್ತದೆ. ಯಾರಿಗೆ ಬರುತ್ತದೆ ಅನ್ನುವುದೇ ಮಾತು. ದಾರಿ ಇಲ್ಲದವರಿಗೆಂದು ಕಾನೂನು ಇಟ್ಟ ಬಾಗಿಲು ತಟ್ಟಿದವಳಿಗೆ ಬರುವುದಿಲ್ಲ.

ಆಕೆಯ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ನಮ್ಮ ಬಡಾವಣೆಯಲ್ಲಿ ಹಿಡಿದ ಭುಜ ಬಿಡಿಸುವವರು, ಮೊಣಕಾಲಿಗೆ ವ್ಯಾಯಾಮ ಹೇಳಿಕೊಡುವವರು ಎಷ್ಟು ಮಂದಿ ಇದ್ದಾರೆ? ಆಕೆ ಒಬ್ಬಳೇ ಅಲ್ಲವೇ? ಆಕೆಯ ಆ ಸಣ್ಣ ಕೋಣೆಯ ಮುಂದೆ ಚಪ್ಪಲಿ ಬಿಟ್ಟು, "ಏನವ್ವ ಮಗಳ, ಸ್ವಲ್ಪ ನೋಡು" ಅಂದವರು ಎಷ್ಟು ಮಂದಿ? ಏಳುವಾಗ ಎಷ್ಟಾಯಿತವ್ವ ಅಂತ ಕೇಳಿದವರು ಎಷ್ಟು ಮಂದಿ?

ಉಡಿ ತುಂಬಬೇಡಿ ಅಂತ ನಾನು ಹೇಳುವುದಿಲ್ಲ. ತುಂಬಿ, ಧಾರಾಳವಾಗಿ ತುಂಬಿ. ಆದರೆ ಫೀ ಕೊಟ್ಟ ಮೇಲೆ ತುಂಬಿ. ಮಕ್ಕಳಿಗೆ ಪಾಠ ಹೇಳುವ ಪಕ್ಕದ ಮನೆಯವಳಿಗೂ ಹಾಗೇ, ಕಾಗದಪತ್ರ ಬರೆದುಕೊಡುವ ತಮ್ಮನ ಮಗನಿಗೂ ಹಾಗೇ. ಮಗಳು ಅನ್ನುವ ಮಾತು ಪ್ರೀತಿಗೆ ಇರಲಿ, ಪುಕ್ಕಟೆಗೆ ಬೇಡ.

ಇನ್ನು ಮಂಗಳಾರತಿ ಆಗುತ್ತದೆ, ನೀವೆಲ್ಲ ಏಳುತ್ತೀರಿ. ಹೋದ ವರ್ಷ ಗೋಡೆ ಹಿಡಿದು ಏಳುತ್ತಿದ್ದವರು ಇವತ್ತು ಏನೂ ಹಿಡಿಯದೆ ಏಳುತ್ತೀರಿ. ಎದ್ದು ನಿಂತ ಮೇಲೆ ಒಂದು ಸಲ ಬಗ್ಗಿ ನೋಡಿಕೊಳ್ಳಿ: ಆ ಮೊಣಕಾಲು ನಿಮ್ಮದೋ, ಇನ್ನೂ ಕ್ರಯ ಕೊಟ್ಟು ಬಿಡಿಸಿಕೊಳ್ಳಬೇಕೋ?