ಬೆಟ್ಟದವ್ವ ಕೊಟ್ಟ ಕಸ

ಕೇಳ್ರಪ್ಪಾ ಕೇಳಿ. ಕಡಲೆಕಾಯಿ ತಿನ್ನೋರು ತಿಂತಾನೇ ಕೇಳಿ, ಸದ್ದು ಮಾತ್ರ ಮಾಡಬೇಡಿ. ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಬಂದಿರದ ಕಾಲ. ಹೆಸರು ಮರೆತುಹೋದ ಒಂದೂರು. ಊರಾಚೆ ಹಳ್ಳ, ಹಳ್ಳದಾಚೆ ಬೆಟ್ಟ, ಬೆಟ್ಟದ ಮೇಲೆ ಬೆಟ್ಟದವ್ವ. ಗುಡಿ ಇಲ್ಲ, ಸೂರಿಲ್ಲ, ಒಂದು ಕಲ್ಲು ಅಷ್ಟೆ.

ವರ್ಷಕ್ಕೊಂದು ಸಲ ಊರೋರೆಲ್ಲ ಬೆಟ್ಟ ಹತ್ತಿ, ಅಲ್ಲೇ ಅಡುಗೆ ಮಾಡಿ ಉಂಡು ಬರೋರು. ಅದಕ್ಕೊಂದು ಕಟ್ಟಳೆ. ಮೇಲೆ ಒಯ್ದದ್ದನ್ನ ಕೆಳಗೆ ತರಕೂಡದು, ಅದು ಅವ್ವನದು. ಮಡಕೆ ಅಲ್ಲೇ, ಗೋಣಿ ಅಲ್ಲೇ, ತೆಂಗಿನ ಚಿಪ್ಪೂ ಅಲ್ಲೇ. ಎಂಥಾ ಭಕ್ತಿ ಅಂತೀರಿ! ಕಸದಲ್ಲಿ ಅವ್ವನೇ ಕಾಣ್ತಿರಲಿಲ್ಲ.

ಆ ವರ್ಷ ಊಟ ಮುಗಿದು ಬರಿಗೈಲಿ ಹೊರಟಾಗ ಹನಿ ಶುರುವಾಯ್ತು. ಸೂಲಗಿತ್ತಿ ಪುಟ್ಟೀರಮ್ಮ ಕಸದಿಂದ ಒಂದು ಅರ್ಧ ಮಡಕೆ ಎತ್ತಿ, ಒಲೆಯ ಕೆಂಡದ ಮೇಲೆ ಬೋರಲು ಹಾಕಿದಳು. ಊರ ಯಜಮಾನ ಕೆಂಪಣ್ಣ ಗದರಿದ. "ಅದು ಅವ್ವನದು ಕಣಮ್ಮ, ಮುಟ್ಟಬೇಡ."

ಮಳೆ ಧೋ ಅಂತ ಸುರೀತು. ಹಳ್ಳ ಎದೆಮಟ್ಟ ಏರಿತು. ದಾಟೋದು ಹೆಂಗೆ? ಎಲ್ಲರೂ ಬೆಟ್ಟದ ಮೇಲೇ ಸಿಕ್ಕಿಕೊಂಡರು. ಕೆಂಪಣ್ಣನ ಸೊಸೆಯ ಮಡಿಲಲ್ಲಿ ಮೂರು ತಿಂಗಳ ಕೂಸು. ನೆನೆದು ತಣ್ಣಗಾಗಿ, ಅಳೋದನ್ನೂ ನಿಲ್ಲಿಸಿಬಿಡ್ತು. ತುಟಿ ನೀಲಿ.

ಪುಟ್ಟೀರಮ್ಮ ಸೀರೆ ಎತ್ತಿಕಟ್ಟಿ, ಹಳೇ ಗೋಣಿಗಳನ್ನ ಎಳೆದಳು. ಕೊಂಬೆ ನೆಟ್ಟು, ಗೋಣಿ ಹೊದಿಸಿ, ಮೇಲೆ ಮುತ್ತುಗದ ಎಲೆ ಹೇರಿದಳು. ಕೆಂಪಣ್ಣ ಸಣ್ಣ ದನಿಯಲ್ಲಿ, ಅದೂ ಅವ್ವನದೇ ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಅವಳು ಒಣಗಿದ ತೆಂಗಿನ ನಾರು ಬೇಕು ಅಂತ ತಿರುಗಿದರೆ, ರಾಶಿಯ ಅಡಿಯಿಂದ ತೆಕ್ಕೆ ತುಂಬ ನಾರು ಎಳಕೊಂಡು ಬಂದು ನಿಂತವನು ಯಾರು? ಅದೇ ಕೆಂಪಣ್ಣ! ಅವ್ವನದು ಅಂದನಾ? ಇನ್ನಷ್ಟು ತರಲಾ ಅಂದ.

ಮಡಕೆ ಎತ್ತಿದರೆ ಕೆಂಡ ಇನ್ನೂ ಕೆಂಪಗಿತ್ತು. ನಾರು ಇಟ್ಟು ಊದಿದಳು, ಉರಿ ಬಂತು. ಚಿಪ್ಪುಗಳಲ್ಲಿ ಮಳೆನೀರು ಹಿಡಿದು, ತೂತಿಲ್ಲದ ಡಬ್ಬವೊಂದನ್ನ ಹುಡುಕಿ ಕಾಯಿಸಿ ತಾಯಿಗೆ ಕುಡಿಸಿದಳು. ಕೂಸನ್ನ ಒರೆಸಿ, ತಾಯಿಯ ಎದೆಗೆ ಒತ್ತಿ, ಬೆಂಕಿ ಪಕ್ಕ ಕೂರಿಸಿದಳು. ಎಲ್ಲರೂ ಕಾದರು. ಕಾದರು, ಕಾದರು. ಕಡೆಗೆ ಕೂಸು ಊರೆಲ್ಲ ಒಂದಾಗೋ ಹಂಗೆ ಅತ್ತಿತು. ಕೆಂಪಣ್ಣನೂ ಅತ್ತ, ಹೊಗೆ ಅಂತ ಸುಳ್ಳು ಹೇಳಿದ.

ಬೆಳಗಾಯ್ತು, ಹಳ್ಳ ಇಳೀತು. ಎಲ್ಲರೂ ಹೊರಟರೆ ಪುಟ್ಟೀರಮ್ಮ ದಾರಿಗೆ ಅಡ್ಡ ನಿಂತು, ಕಸ ಎತ್ತಿಕೊಳ್ಳಿ ಅಂದಳು.

"ಕಟ್ಟಳೆ ಇದೆಯಲ್ಲಮ್ಮ," ಅಂದ ಕೆಂಪಣ್ಣ.

"ಇದೆ ಯಜಮಾನ್ರೆ. ಅವ್ವನಿಗೆ ಕೊಟ್ಟದ್ದು ಅವ್ವನದು. ನಿನ್ನೆ ಅವ್ವ ಅದನ್ನ ನಮಗೆ ಕೊಟ್ಟಳಲ್ಲ, ಈಗ ಅದು ಪ್ರಸಾದ. ಪ್ರಸಾದ ಬಿಟ್ಟು ಹೋಗ್ತೀರಾ?"

ಕೆಂಪಣ್ಣ ಕೂಸಿನ ಮುಖ ನೋಡಿದ. ಬಗ್ಗಿ ಒಂದು ಚಿಪ್ಪು ಎತ್ತಿ ಟವೆಲಿಗೆ ಹಾಕಿಕೊಂಡ. ಅವನ ಹಿಂದೆ ಊರೇ ಬಗ್ಗಿತು. ಎಷ್ಟೋ ವರ್ಷದ ಮೇಲೆ ಅವ್ವನ ಕಲ್ಲಿಗೆ ಬಿಸಿಲು ಬಿತ್ತು. ಆ ಅರ್ಧ ಮಡಕೆ ಒಂದನ್ನ ಮಾತ್ರ ಪುಟ್ಟೀರಮ್ಮ ಒಲೆ ಪಕ್ಕ ಬೋರಲು ಇಟ್ಟು ಬಂದಳಂತೆ, ಬರೋ ವರ್ಷಕ್ಕೆ ಬೇಕಾದೀತು ಅಂತ.

ಕಥೆ ಬೆಟ್ಟ ಇಳೀತು, ನಾನು ಜಗಲಿ ಇಳೀತೀನಿ. ಏಳಿ, ಏಳಿ. ಆ ಕಡಲೆಕಾಯಿ ಸಿಪ್ಪೆ ಅಲ್ಲೇ ಬಿಟ್ಟು ಎಲ್ಲಿಗೆ ಹೊರಟ್ರಿ? ಉಡಿಗೆ ತುಂಬ್ಕಳಿ, ಅದು ನನ್ನ ಪ್ರಸಾದ.